ಗುಹೆಯ ಕತ್ತಲು, ಹೊರಗಿನ ಬಿಸಿಲು: ಒಂದೇ ರಾ ಸಾಕೇ, ಬ್ರಾಕೆಟಿಂಗ್ ಬೇಕೇ?

ಬಾದಾಮಿಯ ಮೂರನೆಯ ಗುಹೆಯ ಒಳಮಂಟಪದಲ್ಲಿ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಹೊರಗೆ ನೋಡಿದರೆ ಕಣ್ಣಿಗೆ ಎಲ್ಲವೂ ಸಿಗುತ್ತದೆ. ಹತ್ತಿರದ ಕಂಬದ ಕೆತ್ತನೆ, ಚಾವಣಿಯ ಅಂಚು, ಪಡಸಾಲೆಯಾಚೆ ಎದುರು ಗುಡ್ಡದ ಕೆಂಪು ಬಂಡೆ, ಬಂಡೆಯ ಮೇಲೆ ಒಂದೆರಡು ಮೋಡ. ಕ್ಯಾಮೆರಾ ಎತ್ತಿ ಒಂದು ಚಿತ್ರ ತೆಗೆದು ಪರದೆ ನೋಡಿದರೆ ಮಾತ್ರ ಅರ್ಧವೇ ಇರುತ್ತದೆ. ಕಂಬ ಕಂಡರೆ ಗುಡ್ಡ ಬಿಳಿ ಕಾಗದ. ಗುಡ್ಡ ಕಂಡರೆ ಕಂಬಗಳೆಲ್ಲ ಮಸಿ. ಗುಹೆ ಉತ್ತರಕ್ಕೆ ಮುಖ ಮಾಡಿದೆ, ವರ್ಷದ ಬಹುಪಾಲು ನೇರ ಬಿಸಿಲು ಒಳಗೆ ಬೀಳುವುದಿಲ್ಲ; ಎದುರಿನ ಗುಡ್ಡಕ್ಕೋ ಹೊತ್ತೇರಿದ ಮೇಲೆ ಬಿಸಿಲೇ ಬಿಸಿಲು. ಕ್ರಿ.ಶ. 578ರ ಶಾಸನವಿರುವ ಈ ಗುಹೆಯನ್ನು ಕೊರೆದವರು ಕಣ್ಣನ್ನು ನಂಬಿ ಕೊರೆದರು, ಸೆನ್ಸರನ್ನು ನಂಬಿ ಅಲ್ಲ.

ಇಂಥ ಜಾಗದಲ್ಲಿ ಏನು ಮಾಡಬೇಕು ಎಂದು ಹೊಸದಾಗಿ ಕ್ಯಾಮೆರಾ ಕೊಂಡವರು ಕೇಳಿದರೆ ‘ಎಚ್‌ಡಿಆರ್ ಮಾಡಿ’ (ಹೈ ಡೈನಮಿಕ್ ರೇಂಜ್, ಅಂದರೆ ಅತಿ ಬೆಳಕನ್ನೂ ಅತಿ ಕತ್ತಲನ್ನೂ ಒಂದೇ ಚಿತ್ರದಲ್ಲಿ ಹಿಡಿಯುವುದು) ಎಂಬ ಉತ್ತರ ತಟ್ಟನೆ ಬರುತ್ತದೆ. ಅದರಿಂದ ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ಕ್ಯಾಮೆರಾದ ಗುಂಡಿ ಒತ್ತಿದರೆ ಒಳಗೇ ಬೆಸೆದು ಕೊಡುವ ಜೆಪೆಗ್ ಕೂಡ ಎಚ್‌ಡಿಆರ್. ಏಳು ಚಿತ್ರ ತೆಗೆದು ಮನೆಯಲ್ಲಿ ರಾತ್ರಿಯೆಲ್ಲ ಕೂತು ಬೆಸೆಯುವುದೂ ಎಚ್‌ಡಿಆರ್. ಮೊಬೈಲ್ ಹೇಳದೆ ಕೇಳದೆ ಮಾಡುವುದೂ ಅದೇ ಹೆಸರಿನದು. ಈಗ ಟಿವಿಯ ಡಬ್ಬದ ಮೇಲೂ ಅದೇ ಅಕ್ಷರಗಳು. ಯಾವುದನ್ನು ಯಾವಾಗ ಆರಿಸಬೇಕು ಎಂಬುದಷ್ಟೇ ಇಲ್ಲಿನ ವಿಚಾರ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ (ಸೆನ್ಸರಿಗೆ ಬೀಳುವ ಬೆಳಕಿನ ಅಳತೆಯಲ್ಲಿ) ಚಿತ್ರ ತೆಗೆದಿಡುವಾಗ, ಅಂದರೆ ಬ್ರಾಕೆಟಿಂಗ್ ಮಾಡುವಾಗ, ಧಾರಾಳಿಯಾಗಿರಿ, ಅವನ್ನು ಬೆಸೆಯುವಾಗ ಜಿಪುಣರಾಗಿರಿ. ಎರಡೂ ಒಂದೇ ಕೆಲಸ ಎಂದು ತಿಳಿದವರೇ ಹೆಚ್ಚು ಎಡವುತ್ತಾರೆ.

ಮೊದಲು ಅಳೆಯಿರಿ

ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್. ಈ ಒಂದು ಲೆಕ್ಕ ಗೊತ್ತಿದ್ದರೆ ಉಳಿದದ್ದೆಲ್ಲ ಕೂಡುವುದು ಕಳೆಯುವುದು. ಇಂದಿನ ಒಳ್ಳೆಯ ಸೆನ್ಸರ್‌ಗಳು ಕನಿಷ್ಠ ಐಎಸ್‌ಒದಲ್ಲಿ (ಬೆಳಕಿಗೆ ಸ್ಪಂದಿಸುವ ಮಟ್ಟ) ಸುಮಾರು 14 ಸ್ಟಾಪ್ ಹಿಡಿಯುತ್ತವೆ ಎಂದು ಹೇಳಲಾಗುತ್ತದೆ. ಆದರೆ ಕೆಳತುದಿಯ ಮೂರು ನಾಲ್ಕು ಸ್ಟಾಪ್‌ಗಳಲ್ಲಿ ಸಿಗುವುದು ಚಿತ್ರಕ್ಕಿಂತ ಹೆಚ್ಚಾಗಿ ಮರಳಿನಂಥ ಚುಕ್ಕೆಗಳು (ನಾಯ್ಸ್). 14 ಬಿಟ್‌ನ ರಾ ಫೈಲಿನಲ್ಲಿ (ಸೆನ್ಸರ್ ಕೊಟ್ಟದ್ದನ್ನು ಸಂಸ್ಕರಿಸದೆ ಹಾಗೆಯೇ ಉಳಿಸಿದ ಫೈಲು) 16,384 ಮಟ್ಟಗಳಿವೆ. ಅದರಲ್ಲಿ ಅರ್ಧ, ಅಂದರೆ 8,192, ಅತಿ ಪ್ರಕಾಶದ ಒಂದೇ ಸ್ಟಾಪಿಗೆ ಹೋಗುತ್ತವೆ. ಮುಂದಿನದಕ್ಕೆ ಉಳಿದದ್ದರ ಅರ್ಧ, ಅದರ ಮುಂದಿನದಕ್ಕೆ ಮತ್ತೆ ಅರ್ಧ. ಹೀಗೆ ಇಳಿಯುತ್ತ ಹತ್ತನೆಯ ಸ್ಟಾಪಿಗೆ ಬರುವ ಹೊತ್ತಿಗೆ ಕೈಯಲ್ಲಿರುವುದು ಬರೀ 16. ಅಷ್ಟು ಕಡಿಮೆ ಬೆಳಕಿಗೆ ಸಹಜವಾಗಿಯೇ ಇರುವ ಏರಿಳಿತವೂ ಸೇರಿ, ಗುಹೆಯ ಮೂಲೆಯನ್ನು ಕಂಪ್ಯೂಟರಿನಲ್ಲಿ ಬೆಳಗಿಸಲು ಹೋದಾಗ ಬಣ್ಣದ ರವೆ ಚೆಲ್ಲಿದಂತೆ ಕಾಣುತ್ತದೆ.

ಆದ್ದರಿಂದ ಕ್ಯಾಮೆರಾದ ಶಕ್ತಿಯನ್ನು ಕೇಳುವ ಮೊದಲು ದೃಶ್ಯದ ಹರವನ್ನು ಅಳೆಯಬೇಕು. ಬೆಳಕು ಅಳೆಯುವ ಮೀಟರನ್ನು ಸ್ಪಾಟ್‌ಗೆ (ಒಂದು ಸಣ್ಣ ಭಾಗವನ್ನಷ್ಟೇ ಅಳೆಯುವ ಬಗೆ) ತಿರುಗಿಸಿ, ಐಎಸ್‌ಒ 100, ಅಪರ್ಚರ್ (ಲೆನ್ಸಿನ ಕಂಡಿ) ಎಫ್ 8 ಇಡಿ. ಬಾದಾಮಿಯ ಆ ಜಾಗದಲ್ಲಿ ಬಿಸಿಲಿನ ಬಂಡೆಯತ್ತ ಹಿಡಿದರೆ ಷಟರ್ ತೆರೆದಿರಬೇಕಾದ ಹೊತ್ತು 1/500 ಸೆಕೆಂಡ್ ಸುತ್ತಮುತ್ತ ಬರುತ್ತದೆ. ಒಳಗಿನ ಕತ್ತಲೆಯ ಗೋಡೆಯತ್ತ ಹಿಡಿದರೆ 4 ಸೆಕೆಂಡ್ ಎನ್ನಬಹುದು. ಎರಡರ ನಡುವೆ ಸುಮಾರು ಎರಡು ಸಾವಿರ ಪಟ್ಟು ಅಂತರ; ಸ್ಟಾಪ್ ಲೆಕ್ಕದಲ್ಲಿ 11.

ಇಲ್ಲಿಯೇ ಬಹಳ ಜನ ಗಾಬರಿ ಬಿದ್ದು ಒಂಬತ್ತು ಚಿತ್ರ ತೆಗೆಯಲು ಹೊರಡುತ್ತಾರೆ. ಸ್ವಲ್ಪ ನಿಲ್ಲಿ. ಮೀಟರಿಗೆ ಯಾವುದನ್ನು ತೋರಿಸಿದರೂ, ಅದನ್ನು ನಡುಬೂದು ಬಣ್ಣವಾಗಿಸುವ ಲೆಕ್ಕ ಕೊಡುತ್ತದೆ. ನಮಗೆ ಬಿಸಿಲಿನ ಬಂಡೆ ಬೂದಿಯಾಗಿ ಬೇಕಿಲ್ಲ, ಬಿಸಿಲಿನಂತೆಯೇ ಬೇಕು. ಎರಡು ಸ್ಟಾಪ್ ಮೇಲಿಟ್ಟರೂ ಅದರ ವಿವರ ಉಳಿಯುತ್ತದೆ. ಹಾಗಾದರೆ 1/500 ಅಲ್ಲ, 1/125 ಸಾಕು. ಒಳಗಿನ ಗೋಡೆಯೂ ಬೂದಿಯಾಗಬೇಕಿಲ್ಲ, ಅದು ಕತ್ತಲೆಯಾಗಿಯೇ ಇರಬೇಕು. ಮೂರು ಸ್ಟಾಪ್ ಕೆಳಗಿಟ್ಟರೆ 4 ಸೆಕೆಂಡಿನ ಬದಲು ಅರ್ಧ ಸೆಕೆಂಡ್. ಈಗ 1/125ರಿಂದ 1/2ರವರೆಗೆ ಉಳಿದದ್ದು ಆರೇ ಸ್ಟಾಪ್. ಎರಡೆರಡು ಸ್ಟಾಪ್ ಹೆಜ್ಜೆಯಲ್ಲಿ 1/125, 1/30, 1/8, 1/2 ಎಂದು ನಾಲ್ಕು ಚಿತ್ರ. ಮೂರು ಸ್ಟಾಪ್ ಹೆಜ್ಜೆ ಕೊಡುವ ಕ್ಯಾಮೆರಾ ಆದರೆ 1/125, 1/15, 1/2 ಎಂದು ಮೂರೇ.

ಈ ‘ಉಳಿದ ಸ್ಟಾಪ್’ ಸಂಖ್ಯೆಯೇ ನಾನು ಆಯ್ಕೆಗೆ ಬಳಸುವ ಮಾನದಂಡ. ಮೂರರೊಳಗೆ ಬಂದರೆ ಒಂದೇ ರಾ. ನಾಲ್ಕು ಬಂದರೆ ಕ್ಯಾಮೆರಾ ಎಷ್ಟು ಹೊಸದು, ಚಿತ್ರವನ್ನು ಎಷ್ಟು ದೊಡ್ಡದಾಗಿ ಮುದ್ರಿಸುತ್ತೀರಿ ಎಂಬುದನ್ನು ನೋಡಬೇಕು. ಐದು ದಾಟಿದರೆ ಬ್ರಾಕೆಟಿಂಗ್. ಕ್ಯಾಮೆರಾದ ಬೆಲೆಗಿಂತ ಈ ಎಣಿಕೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಒಂದೇ ರಾ ಫೈಲು

ಹತ್ತರಲ್ಲಿ ಏಳೆಂಟು ಸಲ ಇದೇ ಸಾಕು ಎಂಬುದು ನನ್ನ ಅನುಭವ. ತೆಂಗಿನ ತೋಟದ ನೆರಳಿನಲ್ಲಿ ನಿಂತ ಅಜ್ಜಿ ಮತ್ತು ಹಿಂದಿನ ಗದ್ದೆಯ ಬಿಸಿಲು, ಮೋಡವಿರುವ ಸಂಜೆಯ ಬೆಟ್ಟ, ಮನೆಯ ಜಗುಲಿ: ಇವೆಲ್ಲ ಮೂರು ಸ್ಟಾಪಿನೊಳಗಿನ ವ್ಯವಹಾರ. ಉಪಾಯ ಒಂದೇ. ಬೆಳಕಿನ ಭಾಗ ಸುಡದಂತೆ ಎಕ್ಸ್‌ಪೋಷರ್ ಇಟ್ಟು, ನೆರಳನ್ನು ಆಮೇಲೆ ಎತ್ತುವುದು. ಸುಟ್ಟ ಆಕಾಶ ಯಾವ ತಂತ್ರಾಂಶಕ್ಕೂ ಮರಳಿ ಸಿಗುವುದಿಲ್ಲ. ಕಪ್ಪಾದ ನೆರಳು ಸ್ವಲ್ಪ ರವೆಯೊಂದಿಗಾದರೂ ಸಿಗುತ್ತದೆ.

ಹಿಸ್ಟೋಗ್ರಾಮನ್ನು (ಕತ್ತಲನ್ನು ಎಡಕ್ಕೆ, ಬೆಳಕನ್ನು ಬಲಕ್ಕೆ ತೋರುವ ನಕ್ಷೆ) ಬಲತುದಿಗೆ ತಾಗುವಷ್ಟು ತಂದು ನಿಲ್ಲಿಸಬೇಕು ಎಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಪರದೆಯಲ್ಲಿ ಕಾಣುವ ಹಿಸ್ಟೋಗ್ರಾಂ ಜೆಪೆಗ್ ಚಿತ್ರದ್ದು, ರಾ ಫೈಲಿನದಲ್ಲ. ಸುಟ್ಟಿದೆ ಎಂದು ಮಿಣಮಿಣ ಮಿನುಗಿದ ಮೇಲೂ ರಾ ಫೈಲಿನಲ್ಲಿ ಅಷ್ಟಿಷ್ಟು ಉಳಿದಿರುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ಅದು ಎಷ್ಟು ಎಂಬುದನ್ನು ಮನೆಯ ಕಿಟಕಿಯ ಮುಂದೆ ಒಂದು ಭಾನುವಾರ ಕೂತು ಕಂಡುಕೊಳ್ಳಿ. ಕೈಪಿಡಿಯಲ್ಲಿ ಸಿಗುವ ಮಾಹಿತಿ ಇದಲ್ಲ.

ಒಂದೇ ಚಿತ್ರದ ದೊಡ್ಡ ಬಲವೆಂದರೆ ಚಲನೆ. ಯಕ್ಷಗಾನದ ರಂಗಸ್ಥಳದಲ್ಲಿ ಕಿರೀಟಕ್ಕೆ ದೀಪದ ಹೊಳಪು, ಹಿಂದೆ ಕಪ್ಪು ರಾತ್ರಿ. ಅಂತರ ಎಷ್ಟಾದರೂ ಇರಲಿ, ದಿಗಿಣ ಹಾಕುತ್ತಿರುವ ವೇಷಧಾರಿಯನ್ನು ಮೂರು ಸಲ ತೆಗೆದು ಬೆಸೆದರೆ ಆರು ಕೈ ಬರುತ್ತವೆ. ಅಲ್ಲಿ ಕಿರೀಟವನ್ನು ಉಳಿಸಿ, ರಾತ್ರಿಯನ್ನು ರಾತ್ರಿಯಾಗಿಯೇ ಬಿಡಿ.

ಜೆಪೆಗ್‌ನಲ್ಲಿ ಮಾತ್ರ ಚಿತ್ರ ತೆಗೆಯುವವರಿಗೆ ಕ್ಯಾಮೆರಾಗಳು ಇನ್ನೊಂದು ನೆರವು ಕೊಡುತ್ತವೆ: ನಿಕಾನ್‌ನಲ್ಲಿ ಆ್ಯಕ್ಟಿವ್ ಡಿ-ಲೈಟಿಂಗ್, ಸೋನಿಯಲ್ಲಿ ಡಿ-ರೇಂಜ್ ಆಪ್ಟಿಮೈಸರ್, ಕ್ಯಾನನ್‌ನಲ್ಲಿ ಆಟೋ ಲೈಟಿಂಗ್ ಆಪ್ಟಿಮೈಸರ್. ಇವು ಒಂದೇ ಚಿತ್ರದ ನೆರಳನ್ನು ಕ್ಯಾಮೆರಾದೊಳಗೇ ಎತ್ತುತ್ತವೆ. ಮದುವೆ ಮನೆಯಲ್ಲಿ ಸಾವಿರ ಚಿತ್ರ ತೆಗೆದು ಮರುದಿನವೇ ಕೊಡಬೇಕಾದವರಿಗೆ ವರ. ರಾ ತೆಗೆಯುವವರು ಇವನ್ನು ಆಫ್ ಮಾಡಿಟ್ಟರೆ ಒಳ್ಳೆಯದು. ಇಲ್ಲವಾದರೆ ಪರದೆಯ ಚಿತ್ರವೂ ಹಿಸ್ಟೋಗ್ರಾಮೂ ಸುಳ್ಳು ಹೇಳುತ್ತವೆ.

ಬ್ರಾಕೆಟಿಂಗ್: ತೆಗೆಯುವ ಕ್ರಮ

ಒಂದು ದೃಶ್ಯಕ್ಕೆ ಎರಡು ಎಕ್ಸ್‌ಪೋಷರ್ ಕೊಡುವ ಯೋಚನೆ ಡಿಜಿಟಲ್ ಕಾಲದ್ದಲ್ಲ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರದ ಚಿತ್ರಗಳಿಗೆ ಅಲೆಗೊಂದು, ಆಕಾಶಕ್ಕೊಂದು ಎಂದು ಎರಡು ನೆಗೆಟಿವ್ ತೆಗೆದು ಒಂದೇ ಕಾಗದದ ಮೇಲೆ ಮುದ್ರಿಸಿದ. ಆಗಿನ ಗಾಜಿನ ತಟ್ಟೆಗಳಿಗೆ ನೀಲಿ ಬೆಳಕೆಂದರೆ ಅತಿಮೋಹ, ಆಕಾಶ ಬೇಗ ಸುಟ್ಟುಹೋಗುತ್ತಿತ್ತು. ಸ್ಲೈಡ್ ಫಿಲ್ಮಿನ ಕಾಲದಲ್ಲಿ ಬ್ರಾಕೆಟಿಂಗ್ ಬರೀ ವಿಮೆಯಾಗಿತ್ತು: ಅರ್ಧ ಸ್ಟಾಪ್ ಮೇಲೆ, ಅರ್ಧ ಸ್ಟಾಪ್ ಕೆಳಗೆ ತೆಗೆದು, ಸರಿಯಾಗಿ ಬಂದದ್ದನ್ನು ಇಟ್ಟುಕೊಂಡು ಉಳಿದವನ್ನು ಬಿಸಾಡುವುದು. ಆ ವಿಮೆಯ ಉಪಯೋಗ ಇಂದಿಗೂ ಇದೆ. ಮೂರು ಚಿತ್ರ ತೆಗೆದಮಾತ್ರಕ್ಕೆ ಮೂರನ್ನೂ ಬೆಸೆಯಲೇಬೇಕು ಎಂದೇನಿಲ್ಲ. ಒಂದನ್ನು ಆರಿಸಿ ಎರಡನ್ನು ಅಳಿಸಿದರೆ ಯಾರೂ ಕೇಳುವುದಿಲ್ಲ.

ಸಿದ್ಧತೆ ಹೀಗೆ. ಅಪರ್ಚರ್ ಆದ್ಯತೆಯ ಮೋಡ್ ಅಥವಾ ಪೂರ್ಣ ಮ್ಯಾನುಯಲ್. ಬದಲಾಗಬೇಕಾದದ್ದು ಷಟರ್ ಮಾತ್ರ. ಅಪರ್ಚರ್ ಬದಲಾದರೆ ಒಂದು ಚಿತ್ರದಲ್ಲಿ ಸ್ಪಷ್ಟವಾಗಿರುವ ಹಿನ್ನೆಲೆ ಇನ್ನೊಂದರಲ್ಲಿ ಮಸುಕಾಗುತ್ತದೆ. ಆಟೋ ಐಎಸ್‌ಒ ಕಡ್ಡಾಯವಾಗಿ ಆಫ್ ಮಾಡಿ. ಇಲ್ಲದಿದ್ದರೆ ಕೆಲವು ಕ್ಯಾಮೆರಾಗಳು ಷಟರ್ ಬಿಟ್ಟು ಐಎಸ್‌ಒವನ್ನೇ ಏರಿಸಿ ಇಳಿಸಿ, ನೆರಳಿಗೆಂದು ತೆಗೆದ ಚಿತ್ರದಲ್ಲೇ ಹೆಚ್ಚು ರವೆ ತುಂಬಿ ಕೊಡುತ್ತವೆ; ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಫೋಕಸ್ ಒಮ್ಮೆ ಹಿಡಿದು ಮ್ಯಾನುಯಲ್‌ಗೆ ತಿರುಗಿಸಿ. ಜೆಪೆಗ್ ತೆಗೆಯುವವರಾದರೆ ವೈಟ್ ಬ್ಯಾಲೆನ್ಸನ್ನೂ (ಬಣ್ಣದ ಛಾಯೆಯ ಹೊಂದಿಕೆ) ಕಟ್ಟಿಹಾಕಿ. ಎರಡು ಸೆಕೆಂಡಿನ ಟೈಮರ್ ಹಾಕಿದರೆ ಹಲವು ಕ್ಯಾಮೆರಾಗಳು ಒಂದೇ ಒತ್ತಿಗೆ ಇಡೀ ಸರಣಿಯನ್ನು ತೆಗೆದು ಮುಗಿಸುತ್ತವೆ, ಬೆರಳಿನ ಅದುರು ತಾಗುವುದಿಲ್ಲ.

ಈ ಸೌಲಭ್ಯ ಕ್ಯಾನನ್‌ನ ಮೆನುವಿನಲ್ಲಿ ಎಇಬಿ, ನಿಕಾನ್‌ನಲ್ಲಿ ಬಿಕೆಟಿ, ಸೋನಿಯಲ್ಲಿ ಡ್ರೈವ್ ಮೋಡಿನ ಪಟ್ಟಿಯೊಳಗೆ ಸಿಗುತ್ತದೆ. ಕ್ಯಾಮೆರಾ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಎರಡು: ಒಂದು ಸರಣಿಯಲ್ಲಿ ಎಷ್ಟು ಚಿತ್ರ, ಎರಡರ ನಡುವೆ ಹೆಚ್ಚೆಂದರೆ ಎಷ್ಟು ಸ್ಟಾಪ್? ಆರಂಭಿಕ ಮಟ್ಟದ ಬಹಳಷ್ಟು ಕ್ಯಾಮೆರಾಗಳು ಮೂರು ಚಿತ್ರ, ಎರಡು ಸ್ಟಾಪಿಗೆ ನಿಲ್ಲುತ್ತವೆ. ಮೇಲಿನವುಗಳಲ್ಲಿ ಐದು, ಏಳು, ಒಂಬತ್ತು. ನಿಕಾನ್ ಡಿ3500 ಮತ್ತು ಅದರ ಹಿಂದಿನ ಡಿ3000 ಸಾಲಿನ ಅಣ್ಣಂದಿರಲ್ಲಿ ಈ ಸೌಲಭ್ಯವೇ ಇಲ್ಲ. ಹಳೆಯ ಡಿ3500 ಕಡಿಮೆ ಬೆಲೆಗೆ ಸಿಗುತ್ತಿದೆ ಎಂದು ಖುಷಿಪಡುವ ಮುನ್ನ ಇದು ತಿಳಿದಿರಲಿ. ಇಲ್ಲ ಎಂದಮಾತ್ರಕ್ಕೆ ಕೆಲಸ ನಿಲ್ಲುವುದೂ ಇಲ್ಲ: ಟ್ರೈಪಾಡ್ ಮೇಲೆ ಮ್ಯಾನುಯಲ್ ಮೋಡಿನಲ್ಲಿ ಷಟರ್ ಚಕ್ರವನ್ನು ಆರು ಕಟಕಟ ತಿರುಗಿಸಿದರೆ, ಮೂರರಲ್ಲೊಂದು ಭಾಗದ ಹೆಜ್ಜೆಯಾದ್ದರಿಂದ, ಎರಡು ಸ್ಟಾಪ್ ಆಯಿತು.

ಟ್ರೈಪಾಡ್ ಎಂದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಅದನ್ನು ಬಿಚ್ಚಲು ಬಿಡುವುದಿಲ್ಲ. ಬಾದಾಮಿಯಲ್ಲಿ ಅನುಮತಿ ಸಿಕ್ಕರೂ ಕೋತಿಗಳ ಅನುಮತಿ ಬೇರೆಯೇ ಬೇಕು. ತೂಗಾಡುವ ಕುತ್ತಿಗೆಪಟ್ಟಿ ಕಂಡರೆ ಅವಕ್ಕೆ ಬಾಳೆಹಣ್ಣು ಕಂಡಷ್ಟೇ ಸಂತೋಷ. ಹಾಗಾಗಿ ನಾನು ಬಹುತೇಕ ಕೈಯಲ್ಲಿ ಹಿಡಿದೇ ತೆಗೆಯುತ್ತೇನೆ. ಕಂಬಕ್ಕೆ ಭುಜ ಒತ್ತಿ, ವೇಗದ ಕಂಟಿನ್ಯುಯಸ್ ಡ್ರೈವ್ ಹಾಕಿ, ಐಎಸ್‌ಒವನ್ನು 400ಕ್ಕೆ ಏರಿಸಿದರೆ 1/2 ಸೆಕೆಂಡಿನ ಚಿತ್ರ 1/8ಕ್ಕೆ ಬರುತ್ತದೆ. ಅಲುಗಾಟ ತಡೆಯುವ ಲೆನ್ಸ್ ಇದ್ದರೆ ಮೂರು ಸರಣಿ ತೆಗೆದಾಗ ಒಂದಾದರೂ ದಕ್ಕುತ್ತದೆ. ಸರಣಿಯ ಅತಿ ನಿಧಾನದ ಚಿತ್ರ ನಿಮ್ಮ ಕೈಗೆ ನಿಲ್ಲುತ್ತದೆಯೇ ಎಂಬುದೊಂದೇ ಪರೀಕ್ಷೆ. ಉಳಿದವು ತಾನಾಗಿ ನಿಲ್ಲುತ್ತವೆ. ಚಿತ್ರಗಳ ನಡುವಿನ ಸಣ್ಣ ಸರಿದಾಟವನ್ನು ತಂತ್ರಾಂಶ ಹೊಂದಿಸಿಕೊಳ್ಳುತ್ತದೆ.

ಬೆಸೆಯಲು ಮೂರು ದಾರಿ

ಮೊದಲನೆಯದು ನಿಜವಾದ ಎಚ್‌ಡಿಆರ್. 1997ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಪಾಲ್ ದೆಬೆವೆಕ್ ಮತ್ತು ಜಿತೇಂದ್ರ ಮಲಿಕ್ (ಮಲಿಕ್ ಓದಿದ್ದು ಕಾನ್ಪುರದ ಐಐಟಿಯಲ್ಲಿ) ಒಂದು ಪ್ರಬಂಧ ಪ್ರಕಟಿಸಿದರು. ಬೇರೆ ಬೇರೆ ಎಕ್ಸ್‌ಪೋಷರ್‌ನ ಸಾಮಾನ್ಯ ಚಿತ್ರಗಳಿಂದ, ದೃಶ್ಯದ ಪ್ರತಿ ಬಿಂದುವಿನಲ್ಲಿ ನಿಜವಾಗಿ ಎಷ್ಟು ಬೆಳಕಿತ್ತು ಎಂಬ ನಕ್ಷೆಯನ್ನು ಕಟ್ಟುವ ಗಣಿತ ಅದು. ಆ ನಕ್ಷೆಯ ಹರವು ಯಾವ ಸಾಮಾನ್ಯ ಪರದೆಗೂ ಹಿಡಿಸದು, ಆದ್ದರಿಂದ ಅದನ್ನು ಕುಗ್ಗಿಸಬೇಕು. ಈ ಕುಗ್ಗಿಸುವ ಕೆಲಸಕ್ಕೆ ಟೋನ್ ಮ್ಯಾಪಿಂಗ್ ಎಂದು ಹೆಸರು. ಎಚ್‌ಡಿಆರ್‌ಗೆ ಬಂದ ಕೆಟ್ಟ ಹೆಸರೆಲ್ಲ ಈ ಎರಡನೆಯ ಹಂತದ್ದು. ಪ್ರತಿ ಭಾಗವನ್ನೂ ಅಕ್ಕಪಕ್ಕಕ್ಕೆ ಹೋಲಿಸಿ ಬೇರೆ ಬೇರೆಯಾಗಿ ಎಳೆದಾಡಿದಾಗ ಗೋಪುರದ ಸುತ್ತ ಬಿಳಿಯ ಪ್ರಭಾವಳಿ ಹುಟ್ಟುತ್ತದೆ. ದೇವರಿಗೆ ಪ್ರಭಾವಳಿ ಸರಿ, ವಿದ್ಯುತ್ ಕಂಬಕ್ಕೂ ಬಂದರೆ ಹೇಗೆ? ಬಂಡೆ ಬಾದಾಮಿ ಹಲ್ವದಂತೆ ಹೊಳೆಯುವುದು, ಮೋಡ ಹೊಗೆಯಂತೆ ಕಪ್ಪಾಗುವುದು, ಎಲ್ಲ ಅದರದೇ ಕೊಡುಗೆ. ಫೋಟೊಮ್ಯಾಟಿಕ್ಸ್, ಉಚಿತವಾದ ಲ್ಯೂಮಿನೆನ್ಸ್ ಎಚ್‌ಡಿಆರ್ ಎಂಬ ತಂತ್ರಾಂಶಗಳು ಈ ದಾರಿಯವು. ಜಾರುಪಟ್ಟಿಗಳನ್ನು ಎಲ್ಲಿಯವರೆಗೆ ಎಳೆಯಬಹುದೋ ಅದರ ಕಾಲುಭಾಗಕ್ಕೆ ನಿಲ್ಲಿಸುವ ಸಂಯಮ ಇದ್ದರೆ ಇವೂ ಒಳ್ಳೆಯವೇ.

ಚಿತ್ರ ತಿದ್ದುವ ತಂತ್ರಾಂಶವಾದ ಲೈಟ್‌ರೂಮ್ 2015ರಲ್ಲಿ ತಂದ ಎಚ್‌ಡಿಆರ್ ಮರ್ಜ್ ಇದೇ ಗಣಿತದ ಸಭ್ಯ ರೂಪ. ಅದು ಚಿತ್ರವನ್ನು ತಾನೇ ಅಲಂಕರಿಸಿ ಕೊಡುವುದಿಲ್ಲ. ರಾ ಫೈಲುಗಳನ್ನು ಬೆಸೆದು ಮತ್ತೊಂದು ಡಿಎನ್‌ಜಿ ಫೈಲನ್ನೇ ಕೊಡುತ್ತದೆ. ಆಮೇಲೆ ಅದನ್ನು ನೀವು ಎಂದಿನ ರಾ ಫೈಲಿನಂತೆ ತಿದ್ದಿಕೊಳ್ಳುತ್ತೀರಿ, ನೆರಳು ಎತ್ತಿದಾಗ ರವೆ ಕಾಣುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಹಣ ಕೊಡಲು ಮನಸ್ಸಿಲ್ಲದವರಿಗೆ ಡಾರ್ಕ್‌ಟೇಬಲ್ ಮತ್ತು ಎಚ್‌ಡಿಆರ್‌ಮರ್ಜ್ ಇದೇ ಬಗೆಯ ಫೈಲನ್ನು ಪುಕ್ಕಟೆ ಕೊಡುತ್ತವೆ. ಹೊಸಬರಿಗೆ ನಾನು ಮೊದಲು ತೋರಿಸುವುದು ಈ ದಾರಿಯನ್ನೇ.

ಎರಡನೆಯದು ಎಕ್ಸ್‌ಪೋಷರ್ ಫ್ಯೂಷನ್. 2007ರಲ್ಲಿ ಮೆರ್ಟೆನ್ಸ್, ಕೌಟ್ಸ್, ವಾನ್ ರೀತ್ ಎಂಬ ಮೂವರು ಮುಂದಿಟ್ಟ ವಿಧಾನ. ಬೆಳಕಿನ ನಕ್ಷೆಯ ಗೊಡವೆಗೇ ಹೋಗದೆ, ಪ್ರತಿ ಬಿಂದುವಿಗೂ ಯಾವ ಚಿತ್ರದಲ್ಲಿ ವಿವರ, ಬಣ್ಣ, ಹದವಾದ ಬೆಳಕು ಚೆನ್ನಾಗಿದೆ ಎಂದು ತೂಗಿ, ಆ ತೂಕದ ಪ್ರಕಾರ ಬೆರೆಸುವುದು. ನೂರು ಜಾರುಪಟ್ಟಿಗಳಿಲ್ಲ, ಟೋನ್ ಮ್ಯಾಪಿಂಗ್ ಇಲ್ಲ. ಹಾಗಾಗಿ ಹಾಳುಮಾಡುವ ಅವಕಾಶವೂ ಕಡಿಮೆ. ಉಚಿತ ಹ್ಯುಗಿನ್ ತಂತ್ರಾಂಶದ ಜೊತೆ ಬರುವ ಎನ್‌ಫ್ಯೂಸ್ ಇದನ್ನು ಮಾಡುತ್ತದೆ. ಜೆಪೆಗ್ ಚಿತ್ರಗಳನ್ನು ಬೆಸೆಯುವುದಾದರೆ ಕಣ್ಣುಮುಚ್ಚಿ ಇದನ್ನೇ ಆರಿಸಿ. ಫಲ ಕೆಲವೊಮ್ಮೆ ಸ್ವಲ್ಪ ಸಪ್ಪೆ. ಕೊನೆಗೊಂದಿಷ್ಟು ಕಾಂಟ್ರಾಸ್ಟ್ ಒಗ್ಗರಣೆ ಹಾಕಿದರೆ ಸರಿಹೋಗುತ್ತದೆ.

ಮೂರನೆಯದು ಕೈಗೆಲಸ. ಫೋಟೊಶಾಪ್ ಅಥವಾ ಗಿಂಪ್‌ನಲ್ಲಿ ಎರಡು ಚಿತ್ರಗಳನ್ನು ಪದರಗಳಾಗಿ ಇಟ್ಟು, ಮಾಸ್ಕ್ (ಬೇಕಾದ ಭಾಗವನ್ನಷ್ಟೇ ತೋರುವ ಮುಸುಕು) ಹಾಕಿ, ಮೃದುವಾದ ಕುಂಚದಿಂದ ಕಂಬಗಳ ಸಂದಿಯಷ್ಟನ್ನೇ ಹೊರಗಿನ ಚಿತ್ರದಿಂದ ತಂದು ಕೂರಿಸುವುದು. ಒಂದು ಚಿತ್ರಕ್ಕೆ ಗಂಟೆ ಹಿಡಿಯಬಹುದು. ಆದರೆ ಯಾವುದು ಎಲ್ಲಿಂದ ಬಂದಿತು ಎಂಬುದು ನಿಮ್ಮ ಹಿಡಿತದಲ್ಲೇ ಇರುತ್ತದೆ. ಗಾಳಿಗೆ ಅಡಿಕೆ ಸೋಗೆ ಆಡುತ್ತಿದ್ದರೆ, ಜನ ನಡೆದಾಡುತ್ತಿದ್ದರೆ, ಆ ಭಾಗವನ್ನು ಒಂದೇ ಚಿತ್ರದಿಂದ ತೆಗೆದುಕೊಳ್ಳಬಹುದು. ತಂತ್ರಾಂಶಗಳ ಡಿಗೋಸ್ಟ್ ಗುಂಡಿ ಮಾಡುವುದೂ ಇದನ್ನೇ, ಊಹೆಯ ಮೇಲೆ. ಊಹೆ ತಪ್ಪಿದಾಗ ಅರ್ಧ ಮನುಷ್ಯ ಉಳಿಯುತ್ತಾನೆ. ನೆಂಟರ ಮನೆಯ ತೊಟ್ಟಿಯಲ್ಲಿ ತೆಗೆದ ನನ್ನದೊಂದು ಚಿತ್ರದಲ್ಲಿ ಅತ್ತೆಯ ಸೆರಗಿದೆ, ಅತ್ತೆಯಿಲ್ಲ.

ಬೆಸೆಯುವ ಮುನ್ನ ರುಚಿಯ ಮಾತೊಂದು. ಬೇಲೂರಿನ ಚೆನ್ನಕೇಶವ ಗುಡಿಯ ನವರಂಗದಲ್ಲಿ ಕಡೆದು ನುಣುಪು ಮಾಡಿದ ಕಂಬಗಳಿಗೆ ಸಣ್ಣ ಹೊಳಪೊಂದು ಗೆರೆಯಂತೆ ಇಳಿದಿರುತ್ತದೆ. ಆ ಗೆರೆ ಕಾಣುವುದು ಸುತ್ತಲೂ ಕತ್ತಲಿರುವುದರಿಂದ. ಎಲ್ಲ ಮೂಲೆಗೂ ಬೆಳಕು ತುಂಬಿದರೆ ಮೂಲೆಯ ಜೇಡರ ಬಲೆ ಕಾಣುತ್ತದೆ, ಕಂಬದ ಹೊಳಪು ಹೋಗುತ್ತದೆ. ಹಾಗಾಗಿ ನೆರಳನ್ನು ಮೂರು ಸ್ಟಾಪ್ ಕೆಳಗಿಡಿ ಎಂದು ಮೇಲೆ ಹೇಳಿದ್ದು ಬರೀ ಲೆಕ್ಕದ ಅನುಕೂಲಕ್ಕಲ್ಲ.

ಗುಂಡಿಯ ಎಚ್‌ಡಿಆರ್, ಜೇಬಿನ ಎಚ್‌ಡಿಆರ್

ಕ್ಯಾಮೆರಾದ ಒಳಗೇ ಎರಡು ಮೂರು ಚಿತ್ರ ಬೆಸೆದು ಕೊಡುವ ಸೌಲಭ್ಯ ಹದಿನೈದು ವರ್ಷಗಳಿಂದ ಇದೆ. ನಾನು ಬಳಸುವುದು ಅಪರೂಪ. ಹಲವು ಕ್ಯಾಮೆರಾಗಳು ಬೆಸೆದ ಜೆಪೆಗ್ ಮಾತ್ರ ಉಳಿಸಿ ಮೂಲಗಳನ್ನು ಎಸೆಯುತ್ತವೆ. ಮೂಲಗಳನ್ನೂ ಉಳಿಸುವ ಆಯ್ಕೆ ಇದ್ದರೆ ಅದನ್ನು ಹಾಕಿಟ್ಟು ಬಳಸಿ, ಪರದೆಯ ಮೇಲೆ ತಕ್ಷಣ ಅಂದಾಜು ಸಿಗುತ್ತದೆ.

ಮೊಬೈಲಿನದು ಬೇರೆ ಕಥೆ. ಐಫೋನ್ 4ಕ್ಕೆ 2010ರಲ್ಲಿ ಎಚ್‌ಡಿಆರ್ ಬಂದಾಗ ಅದು ಕ್ಯಾಮೆರಾದವರ ಹಳೆಯ ಉಪಾಯವನ್ನೇ, ಮೂರು ಬೇರೆ ಎಕ್ಸ್‌ಪೋಷರ್‌ಗಳನ್ನು, ಮಾಡುತ್ತಿತ್ತು. 2013ರಲ್ಲಿ ಗೂಗಲ್ ತನ್ನ ನೆಕ್ಸಸ್ 5ರಲ್ಲಿ ತಂದ ಎಚ್‌ಡಿಆರ್ ಪ್ಲಸ್ ಪಟ್ಟು ಬದಲಿಸಿತು. ಎಲ್ಲ ಚಿತ್ರಗಳೂ ಒಂದೇ ಎಕ್ಸ್‌ಪೋಷರ್, ಅದೂ ಆಕಾಶ ಸುಡದಷ್ಟು ಕಡಿಮೆ. ಸರಸರನೆ ತೆಗೆದು, ಹೊಂದಿಸಿ, ಸರಾಸರಿ ಮಾಡಿದಾಗ ರವೆ ಕರಗುತ್ತದೆ: ನಾಲ್ಕು ಚಿತ್ರಕ್ಕೆ ಅರ್ಧ, ಒಂಬತ್ತಕ್ಕೆ ಮೂರನೇ ಒಂದು ಭಾಗ. ಆಮೇಲೆ ನೆರಳನ್ನು ಎತ್ತಿದರೂ ಚಿತ್ರ ಶುದ್ಧ. ಎಲ್ಲ ಚಿತ್ರಗಳ ಬೆಳಕೂ ಒಂದೇ ಆದ್ದರಿಂದ ಹೊಂದಿಸುವುದೂ ಸುಲಭ. ನೆರಳಿಗೆಂದು ದೀರ್ಘ ಎಕ್ಸ್‌ಪೋಷರ್‌ಗಳನ್ನು ಸೇರಿಸಿದ್ದು ಕೆಲವು ವರ್ಷಗಳ ಬಳಿಕ ಮಾತ್ರ.

ಇದೇ ಉಪಾಯ ಕ್ಯಾಮೆರಾಕ್ಕೂ ಒದಗುತ್ತದೆ ಎಂಬುದನ್ನು ಕಡಿಮೆ ಜನ ಗಮನಿಸಿದ್ದಾರೆ. ಬ್ರಾಕೆಟಿಂಗ್ ಇಲ್ಲದ ಕ್ಯಾಮೆರಾದಲ್ಲಿ, ಟ್ರೈಪಾಡ್ ಇಲ್ಲದ ಗುಹೆಯಲ್ಲಿ, ಆಕಾಶಕ್ಕೆ ಹೊಂದಿಸಿ ಒಂದೇ ಎಕ್ಸ್‌ಪೋಷರ್‌ನಲ್ಲಿ ಹದಿನಾರು ಚಿತ್ರ ಹೊಡೆದು ಮನೆಯಲ್ಲಿ ಸರಾಸರಿ ಮಾಡಿದರೆ ರವೆ ಕಾಲುಭಾಗಕ್ಕೆ ಇಳಿಯುತ್ತದೆ, ಅಂದರೆ ನೆರಳಿನಲ್ಲಿ ಎರಡು ಸ್ಟಾಪ್ ಲಾಭ.

ಹಾಗಾದರೆ ಗುಹೆಯೊಳಗೆ ಮೊಬೈಲೇ ಸಾಕೇ? ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಮುಗಿಸುವುದಾದರೆ ಸಾಕು. ಕ್ಯಾಮೆರಾದ ಒಂದೇ ಜೆಪೆಗ್‌ಗಿಂತ ಚೆನ್ನಾಗಿಯೇ ಇರುತ್ತದೆ. ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಮುದ್ರಿಸಲು ಹೊರಟಾಗ ಕೆತ್ತನೆಯ ಉಳಿಗುರುತೆಲ್ಲ ಮೇಣ ಸವರಿದಂತೆ ನುಣ್ಣಗಾಗಿರುವುದು ಕಾಣುತ್ತದೆ.

ಬೆಸೆಯದೆ ಗೆಲ್ಲುವುದು

ಆಕಾಶದ ಭಾಗವನ್ನಷ್ಟೇ ಮಂಕು ಮಾಡುವ ಗ್ರಾಜುಯೇಟೆಡ್ ಫಿಲ್ಟರ್ ಕಡಲತೀರಕ್ಕೆ ಇಂದಿಗೂ ಒಳ್ಳೆಯದು, ಏಕೆಂದರೆ ಅಲ್ಲಿ ದಿಗಂತ ನೇರ ಗೆರೆ, ಅಲೆ ಚಲಿಸುತ್ತಲೇ ಇರುತ್ತದೆ. ಗೋಪುರ, ಕಂಬ, ಮರ ಮೇಲೆದ್ದಿರುವ ಕಡೆ ಅದು ಗೋಪುರದ ತಲೆಯನ್ನೂ ಕಪ್ಪಾಗಿಸುತ್ತದೆ.

ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇ ಕೊಠಡಿಗಳನ್ನು ತೆಗೆಯುವವರಿಗೆ ಕಿಟಕಿಯಾಚೆಯ ತೋಟವೂ ಬೇಕು, ಹಾಸಿಗೆಯ ಹೊದಿಕೆಯೂ ಬೇಕು. ಐದು ಚಿತ್ರಗಳ ಬ್ರಾಕೆಟಿಗಿಂತ ಅಲ್ಲಿ ಫ್ಲ್ಯಾಶನ್ನು ಚಾವಣಿಗೆ ತಿರುಗಿಸಿ ಹೊಡೆಯುವುದೇ ಎಷ್ಟೋ ಸಲ ಬೇಗ ಮುಗಿಯುತ್ತದೆ: ಕಿಟಕಿಗೆ ಎಕ್ಸ್‌ಪೋಷರ್, ಕೊಠಡಿಗೆ ಫ್ಲ್ಯಾಶ್. ಗೋಡೆ ಕಡುಬಣ್ಣದ್ದಾದರೆ ಆ ಬಣ್ಣ ಎಲ್ಲಕ್ಕೂ ಅಂಟುತ್ತದೆ, ಆಗ ಬ್ರಾಕೆಟಿಂಗೇ ಗತಿ. ಎಲ್‌ಇಡಿ ದೀಪ ಉರಿಯುತ್ತಿದ್ದರೆ ಒಂದು ಎಚ್ಚರಿಕೆ: ನಮ್ಮ ಐವತ್ತು ಹರ್ಟ್ಸ್ ವಿದ್ಯುತ್ತಿನಲ್ಲಿ ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ, ಸರಣಿಯ ವೇಗದ ಚಿತ್ರಗಳಲ್ಲಿ ಪಟ್ಟೆ ಬೀಳಬಹುದು, ನಿಧಾನದವುಗಳಲ್ಲಿ ಇರುವುದಿಲ್ಲ. ದೀಪ ಆರಿಸಿ ತೆಗೆಯಿರಿ.

ಇನ್ನೊಂದು ದಾರಿಗೆ ಕಾಸೂ ಬೇಡ, ತಂತ್ರಾಂಶವೂ ಬೇಡ: ಕಾಯುವುದು. ಮೈಸೂರು ಅರಮನೆಗೆ ಭಾನುವಾರ ಮತ್ತು ಸರ್ಕಾರಿ ರಜಾದಿನಗಳಂದು ಸಂಜೆ ಏಳರ ಸುಮಾರಿಗೆ ದೀಪ ಹಾಕುತ್ತಾರೆ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ನವೆಂಬರಿನಲ್ಲಿ ಆ ಹೊತ್ತಿಗೆ ಸೂರ್ಯ ಮುಳುಗಿ ಗಂಟೆ ದಾಟಿರುತ್ತದೆ. ಆಕಾಶ ಕಪ್ಪು, ಬಲ್ಬು ಬಿಳಿ, ನಡುವೆ ಏನೂ ಇಲ್ಲ. ಜೂನ್ ಕೊನೆಯಿಂದ ಜುಲೈವರೆಗೆ ಸೂರ್ಯ ಮುಳುಗುವುದೇ ಏಳಕ್ಕೆ ಹತ್ತು ನಿಮಿಷ ಇರುವಾಗ. ದೀಪ ಹತ್ತಿದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಆಕಾಶದ ನೀಲಿಯೂ ಬಲ್ಬಿನ ಹೊಂಬಣ್ಣವೂ ಸರಿಸಮವಾಗಿ ತೂಗುವ ಐದಾರು ನಿಮಿಷ ಸಿಗುತ್ತವೆ. ಆಗ ಒಂದೇ ಚಿತ್ರ ಸಾಕು. ಮಳೆ ಬಂದರೆ ಅಂಗಳದ ನೀರಿನಲ್ಲಿ ಇನ್ನೊಂದು ಅರಮನೆ. ದಸರಾ ಹೊತ್ತಿಗೆ ಹೋದವರು ಬ್ರಾಕೆಟ್ ಮಾಡಿ, ಬಲ್ಬುಗಳನ್ನು ಅತಿ ವೇಗದ ಚಿತ್ರದಿಂದ ತೆಗೆದ ಕಡೆ ಮಾತ್ರ ಕೈಯಿಂದ ಮಾಸ್ಕ್ ಹಾಕಿ.

ಜೋಗದಂಥ ಜಲಪಾತದಲ್ಲಿ ಬ್ರಾಕೆಟ್‌ನ ಪ್ರತಿ ಚಿತ್ರದಲ್ಲೂ ನೀರು ಬೇರೆ ರೂಪದ್ದು: ಒಂದರಲ್ಲಿ ಹನಿ, ಒಂದರಲ್ಲಿ ನೂಲು, ಒಂದರಲ್ಲಿ ಹಾಲು. ಮೂರನ್ನೂ ಬೆರೆಸಿದರೆ ಮಜ್ಜಿಗೆ. ನೀರನ್ನು ಇಷ್ಟವಾದ ಒಂದೇ ಚಿತ್ರದಿಂದ, ಬಂಡೆಯನ್ನು ಬೆಸೆದದ್ದರಿಂದ ತೆಗೆದುಕೊಳ್ಳಿ.

ಹೊಸ ಅರ್ಥದ ಎಚ್‌ಡಿಆರ್

ಈವರೆಗೆ ಹೇಳಿದ್ದು ದೊಡ್ಡ ಹರವನ್ನು ಸಣ್ಣ ಪರದೆಗೆ ಇಳಿಸುವ ಮಾತು. ಈಗ ಪರದೆಗಳೇ ಹೆಚ್ಚು ಹೊಳೆಯುತ್ತವೆ. 2023ರ ಆಂಡ್ರಾಯ್ಡ್ 14ರೊಂದಿಗೆ ಬಂದ ಅಲ್ಟ್ರಾ ಎಚ್‌ಡಿಆರ್‌ನಲ್ಲಿ ಸಾಮಾನ್ಯ ಜೆಪೆಗ್‌ನೊಳಗೆ ಯಾವ ಭಾಗ ಎಷ್ಟು ಹೆಚ್ಚು ಹೊಳೆಯಬೇಕು ಎಂಬ ನಕ್ಷೆಯೂ ಇರುತ್ತದೆ. ಹೊಸ ಪರದೆ ಅದನ್ನು ಓದುತ್ತದೆ, ಹಳೆಯದು ಮಾಮೂಲು ಚಿತ್ರ ತೋರಿಸುತ್ತದೆ. ಲೈಟ್‌ರೂಮ್ ಕೂಡ ಅದೇ ವರ್ಷ ಇಂಥ ತಿದ್ದುವಿಕೆಗೆ ಅವಕಾಶ ಕೊಟ್ಟಿತು. ಇಲ್ಲಿ ಟೋನ್ ಮ್ಯಾಪಿಂಗ್‌ನ ಹಿಂಸೆ ಕಡಿಮೆ, ಬಿಸಿಲು ಬಿಸಿಲಾಗಿಯೇ ಕಣ್ಣು ಕೋರೈಸುತ್ತದೆ. ಮುದ್ರಣಕ್ಕೆ ಏನೂ ಉಪಯೋಗವಿಲ್ಲ. ಆದರೆ ಇಂದು ತೆಗೆದ ಬ್ರಾಕೆಟ್ ಸರಣಿಯನ್ನು ಮುಂದೊಂದು ದಿನ ಹೀಗೆ ಮತ್ತೆ ಬೆಸೆಯಬಹುದು ಎಂಬುದು ಮೂಲ ಫೈಲುಗಳನ್ನು ಅಳಿಸದಿರಲು ಒಳ್ಳೆಯ ಕಾರಣ. ಒಂದು ರಾ ಫೈಲು ಸುಮಾರು 28 ಎಂಬಿ ಎಂದುಕೊಂಡರೆ ಐದು ಚಿತ್ರಗಳ ನೂರು ಸರಣಿಗೆ 14 ಜಿಬಿ. ಹಾರ್ಡ್ ಡಿಸ್ಕಿಗೆ ಅದೇನೂ ಭಾರವಲ್ಲ.

ಭಾರ ಹುಡುಕುವುದರಲ್ಲಿದೆ. ಮನೆಗೆ ಬಂದು ಐನೂರು ಚಿತ್ರಗಳಲ್ಲಿ ಯಾವ ಸರಣಿ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ತಿಳಿಯದೆ ತಲೆ ಕೆಡುತ್ತದೆ. ಪ್ರತಿ ಸರಣಿಗೆ ಮೊದಲು ಲೆನ್ಸಿನ ಮುಂದೆ ಒಂದು ಬೆರಳು, ಕೊನೆಗೆ ಎರಡು ಬೆರಳು ಹಿಡಿದು ಒಂದೊಂದು ಚಿತ್ರ ತೆಗೆಯುವುದು ನನ್ನ ರೂಢಿ. ಅದಕ್ಕೆ ಮುನ್ನ ಬ್ರಾಕೆಟಿಂಗ್ ಆಫ್ ಮಾಡಬೇಕು, ಇಲ್ಲದಿದ್ದರೆ ಬೆರಳಿನದೂ ಐದು ಚಿತ್ರ. ಇದು ಇನ್ನೊಂದು ಕಾರಣಕ್ಕೂ ಒಳ್ಳೆಯದು. ಕೆಲವು ಕ್ಯಾಮೆರಾಗಳು ಆಫ್ ಮಾಡಿದೊಡನೆ ಬ್ರಾಕೆಟಿಂಗ್ ಮರೆಯುತ್ತವೆ, ಕೆಲವು ವಾರಗಟ್ಟಲೆ ನೆನಪಿಟ್ಟುಕೊಳ್ಳುತ್ತವೆ. ನನ್ನದು ಎರಡನೆಯ ಜಾತಿ. ಬಾದಾಮಿಯಿಂದ ಮರಳಿದ ಮರುದಿನ ತಮ್ಮನ ಮಗಳ ನಾಮಕರಣಕ್ಕೆ ಹೋಗಿ, ಅಜ್ಜಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಆ ಒಂದು ಗಳಿಗೆಯನ್ನು ಎರಡು ಸ್ಟಾಪ್ ಕತ್ತಲಲ್ಲಿ ತೆಗೆದು ಬಂದಿದ್ದೇನೆ. ರಾ ಆಗಿತ್ತು, ಎತ್ತಿದೆ, ಬಂತು. ತೊಟ್ಟಿಲ ಬಟ್ಟೆಯ ಮೇಲೆ ಒಂದಿಷ್ಟು ರವೆ ಇದೆ.